ಕಪಾಟಿನಲ್ಲಿದ್ದ ಒಂದು ಮೊಟ್ಟೆ

ಬುಡಾಪೆಸ್ಟ್, ಇಳಿದ ದಿನ

ಹಂಗೇರಿ ದೇಶದಲ್ಲಿ ನನ್ನನ್ನು ಮೊದಲು ಎದುರುಗೊಂಡವನು ಕಸ್ಟಮ್ಸ್ ಅಧಿಕಾರಿ, ಅವನು ಮೊದಲು ಮಾಡಿದ ಕೆಲಸ ಸೀನಿದ್ದು. ಬೆಟಗೇರಿಯ ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಗುರೆಳ್ಳು ಚಟ್ನಿಪುಡಿಯ ಡಬ್ಬಿ ಬಿಚ್ಚಿ, ಇಷ್ಟು ಕಪ್ಪಗಿರುವುದು ಏನಿರಬಹುದು ಎಂದು ಮೂಗನ್ನೇ ಒಳಗಿಟ್ಟ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಗೊತ್ತಿಲ್ಲದ ಪದಾರ್ಥವನ್ನು ಹಾಗೆ ಮೂಸಬಾರದು, ಕೈಯಿಂದ ಗಾಳಿ ಬೀಸಿಕೊಂಡು ವಾಸನೆ ನೋಡಬೇಕು ಎಂದು ಎಂಟನೇ ತರಗತಿಯ ಮಕ್ಕಳಿಗೇ ಹೇಳಿಕೊಡುತ್ತೇವೆ. ಅವನು ನಾಲ್ಕು ಸಲ ಸೀನಿ, ಕಣ್ಣೊರೆಸಿಕೊಂಡು, ಖಡಕ್ ರೊಟ್ಟಿಯ ಗಂಟನ್ನು ಮುಟ್ಟಲೂ ಹೋಗದೆ, ಹೋಗು ತಾಯಿ ಎನ್ನುವಂತೆ ಕೈ ಮಾಡಿದ.

ನಗು ಬರಬೇಕಿತ್ತು, ಬರಲಿಲ್ಲ. ಅವನ ಬೆನ್ನ ಹಿಂದೆ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರಪಟ ಇತ್ತು. ಆನೆದಂತದ ಬಳೆ, ಹಾವಿನ ಚರ್ಮದ ಚೀಲ, ಆಮೆಯ ಚಿಪ್ಪು, ಹೊಟ್ಟೆಯಲ್ಲಿ ಹುಲ್ಲು ತುಂಬಿ ನಿಲ್ಲಿಸಿದ ಗಿಡುಗ. ಎಲ್ಲದರ ಮೇಲೂ ಕೆಂಪು ಅಡ್ಡಗೀಟು. ಕೆಳಗಿನ ಮೂಲೆಯಲ್ಲಿ ಒಂದು ಮೊಟ್ಟೆ. ನನ್ನ ಚೀಲದಲ್ಲಿ ಚಟ್ನಿ, ರೊಟ್ಟಿ, ಎರಡು ಸೀರೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಆ ಗೋಡೆಯ ಮುಂದೆ ಕಳ್ಳಿಯ ಹಾಗೆ ನಿಂತೆ. ನನ್ನ ಮೊಟ್ಟೆ ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿತ್ತು, ಲ್ಯಾಬಿನ ಕಪಾಟಿನ ಮೂರನೇ ಹಲಗೆಯ ಮೇಲೆ.

ಅದು ಎರೆಭೂತದ ಮೊಟ್ಟೆ. ಈ ಹಕ್ಕಿಯನ್ನು ಈಗಿನವರು ನೋಡಿಲ್ಲ, ಅದಕ್ಕೇ ಹೇಳಬೇಕು. ಕುರಿಮರಿಯಷ್ಟು ಎತ್ತರ, ಉದ್ದ ಬಿಳಿ ಕುತ್ತಿಗೆ, ನಮ್ಮ ಎರೆಭೂಮಿಯ ಹುಲ್ಲುಬಯಲಿನಲ್ಲಿ ಗೌಡರ ಗತ್ತಿನಿಂದ ನಡೆಯುತ್ತಿದ್ದ ಹಕ್ಕಿ. ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಸಮಕ್ಕೆ ಅದರ ಹೆಸರಿದೆ. ಈಗ ನಮ್ಮ ಕಡೆ ಹೆಸರಷ್ಟೇ ಉಳಿದಿದೆ.

ಹೊರಗೆ ಅನ್ನಪೂರ್ಣಾ ನಿಂತಿದ್ದಳು. ಹಮ್ಮಿಗಿಯಲ್ಲಿ ಹೊಳೆದಂಡೆಯ ಹೊಲ ಮಾಡಿಕೊಂಡಿರುವ ನನ್ನ ಅಣ್ಣನ ಮಗಳು. ಹೈಸ್ಕೂಲಿನ ಮೂರು ವರ್ಷ ನನ್ನ ಮನೆಯಲ್ಲೇ ಇದ್ದು, ನನ್ನ ಜೊತೆಗೇ ಬಸ್ಸು ಹತ್ತಿ, ನನ್ನ ಶಾಲೆಯಲ್ಲೇ ಕಲಿತಳು. ಈಗ ಇಲ್ಲಿ ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಎರೆಭೂತದ ಹತ್ತಿರದ ಬಳಗದ ಹಕ್ಕಿಯೊಂದು ಹಂಗೇರಿಯ ಬಯಲಿನಲ್ಲಿ ಇನ್ನೂ ಬದುಕಿದೆ, ಅವಳ ಓದು ಅದರದೇ. "ಅತ್ತಿ, ನಿವೃತ್ತಿ ಆಗಿ ನಾಕ್ ವರ್ಷ ಆತು, ಮನ್ಯಾಗ ಕುಂತು ಏನ್ ಮಾಡ್ತಿ, ಬಾ" ಎಂದು ಟಿಕೇಟು ಕಳಿಸಿದ್ದಳು. ನನ್ನ ಕಾಲಿಗೆ ನಮಸ್ಕರಿಸಿ, ಎದ್ದು, ಚೀಲ ಇಸಿದುಕೊಂಡು, "ಏನ್ ಅತ್ತಿ, ಮಾರಿ ಇಷ್ಟು ಸಣ್ಣ ಮಾಡಿ?" ಎಂದಳು.

"ವಿಮಾನದಾಗ ನಿದ್ದಿ ಆಗಿಲ್ಲವಾ" ಎಂದೆ.

ರೈಲಿನಲ್ಲಿ

ಮರುದಿನ ಪೂರ್ವದ ಕಡೆಗೆ ರೈಲು ಹಿಡಿದೆವು. ಎದುರಿನ ಸೀಟಿಗೆ ಬಂದ ಟೊಪ್ಪಿಗೆಯ ಮುದುಕರೊಬ್ಬರು ನನ್ನ ಕಡೆ ಬಗ್ಗಿ "ಚೋಕೋಲೊಮ್" ಎಂದರು. ನಾನು ಹಲ್ಲು ಕಿರಿದು ತಲೆ ಆಡಿಸಿದೆ. ಅನ್ನಪೂರ್ಣಾ ಕಿವಿಯಲ್ಲಿ, "ನಿಮ್ಮ ಕೈಗೆ ಮುತ್ತು ಕೊಡ್ತೀನಿ ಅಂದ್ರು ಅತ್ತಿ, ಹೆಣ್ಮಕ್ಕಳಿಗೆ ಇಲ್ಲಿ ಹಂಗ ನಮಸ್ಕಾರ ಮಾಡೂದು" ಎಂದಳು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಹಾಕಿಕೊಂಡು ಮುಂದಿನ ಎರಡು ತಾಸು ಹಾಗೇ ಕೂತೆ. ಮಾತಿಗಷ್ಟೇ ಹೇಳುತ್ತಾರೆ, ಯಾರೂ ಮುತ್ತು ಕೊಡುವುದಿಲ್ಲ ಎಂದು ಅವಳು ಇಳಿಯುವಾಗ ಹೇಳಿದಳು.

ರೈಲು ಬದಲಿಸಲು ಇಳಿದ ನಿಲ್ದಾಣದ ಅಂಗಡಿಯಲ್ಲಿ ಕೆಂಪು ಮೆಣಸಿನಕಾಯಿಯನ್ನು ಮಾಲೆ ಮಾಡಿ ಬಾಗಿಲ ತುಂಬ ತೂಗುಬಿಟ್ಟಿದ್ದರು. ಗದಗಿನ ಮಾರುಕಟ್ಟೆ ನೆನಪಾಗಿ ಜೀವಕ್ಕೆ ತಂಪಾಯಿತು. ಒಂದು ಚೂರು ಮುರಿದು ನಾಲಿಗೆಗಿಟ್ಟೆ. ಬಣ್ಣ ನಮ್ಮ ಬ್ಯಾಡಗಿಯದೇ, ಖಾರ ಮಾತ್ರ ಎಲ್ಲೋ ಹೋಗಿದೆ. ಅಲ್ಲಿಂದ ಮುಂದೆ ಬಯಲು ಶುರುವಾಯಿತು. ಎಂಥ ಬಯಲು ಅಂತೀರಿ! ಗುಡ್ಡ ಇಲ್ಲ, ದಿಬ್ಬ ಇಲ್ಲ, ಕಣ್ಣು ಎಲ್ಲಿ ಸೋಲುತ್ತದೋ ಅಲ್ಲಿ ಆಕಾಶ. ಮಣ್ಣು ಕಪ್ಪು. ಕಪ್ಪತಗುಡ್ಡವನ್ನು ಒರೆಸಿ ಹಾಕಿದರೆ ಮುಂಡರಗಿಯೇ. ಕಣ್ಣಲ್ಲಿ ನೀರು ಬಂತು, ಧೂಳು ಎಂದು ಸುಳ್ಳು ಹೇಳಿದೆ. ಆ ರೈಲಿನ ಕಿಟಕಿ ತೆಗೆಯಲು ಬರುವುದೇ ಇಲ್ಲ.

ಅನ್ನಪೂರ್ಣಾ ಆಗಲೇ ತನ್ನ ಅರ್ಜಿಯ ಮಾತು ತೆಗೆದದ್ದು. ನನ್ನ ಶಾಲೆಯ ಊರಿನ ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಊರೊಟ್ಟಿನ ಬಯಲು, ಅರ್ಧ ಆಗಲೇ ಗಾಳಿಯಂತ್ರಗಳಿಗೆ ಹೋಗಿದೆ. ಉಳಿದರ್ಧವನ್ನಾದರೂ ಹುಲ್ಲುಗಾವಲಾಗಿಯೇ ಉಳಿಸಬೇಕು, ಇದು ಎರೆಭೂತ ಮೊಟ್ಟೆ ಇಟ್ಟ ನೆಲ ಎಂದು ಇವಳೂ ಊರಿನ ನಾಲ್ಕು ಕುರುಬರ ಹಿರಿಯರೂ ಕೂಡಿ ಸರ್ಕಾರಕ್ಕೆ ಬರೆದಿದ್ದರು. ಬಂದ ಉತ್ತರವನ್ನು ಫೋನಿನಲ್ಲಿ ತೋರಿಸಿದಳು. ಸದರಿ ಪ್ರದೇಶದಲ್ಲಿ ಸದರಿ ಪಕ್ಷಿಯು ಸಂತಾನೋತ್ಪತ್ತಿ ಮಾಡಿದ ಬಗ್ಗೆ ಯಾವುದೇ ದಾಖಲೆ ಕಂಡುಬಂದಿರುವುದಿಲ್ಲ.

"ಅಜ್ಜಗೋಳು ನೋಡೇವಿ ಅಂತಾರ. ಅವರು ಹೇಳಿದ್ದನ್ನ ದಾಖಲೆ ಅಂತ ಹಿಡಿಯಂಗಿಲ್ಲ ಅತ್ತಿ. ತಾರೀಖು ಬೇಕು, ಜಾಗಾ ಬೇಕು, ಕೈಯಾಗ ಹಿಡಿಯೋವಂಥಾದ್ದು ಏನರ ಬೇಕು. ಒಂದಾದ್ರೂ."

ನಾನು ಕಿಟಕಿಯ ಕಡೆ ತಿರುಗಿದೆ. ಅವಳಿಗೆ ಬೇಕಾದ ಆ ಒಂದು ನನ್ನ ಹತ್ತಿರ ಇತ್ತು. ಕೊಟ್ಟರೆ ಕಾಯ್ದೆ ಮೊದಲು ಹಿಡಿಯುವುದು ನನ್ನ ಕೈಯನ್ನೇ ಎಂಬುದೂ ಗೊತ್ತಿತ್ತು.

ಹೆಸರು ಹೇಳಲು ಬಾರದ ಊರು

ಆ ಊರಿನ ಹೆಸರು ನಾಲ್ಕು ದಿನವಾದರೂ ನನ್ನ ನಾಲಿಗೆಗೆ ಹತ್ತಲಿಲ್ಲ. ಒಂದೇ ಬೀದಿ, ಎರಡೂ ಕಡೆ ಹಳದಿ ಮನೆಗಳು, ಮನೆಗೊಂದು ಚೆರ್ರಿ ಗಿಡ. ನಾವು ಇಳಿದುಕೊಂಡದ್ದು ಮಾರಿಕಾ ಎಂಬ ವಿಧವೆಯ ಮನೆಯಲ್ಲಿ. ಅಲ್ಲಿಯವರ ಮಾತನ್ನೆಲ್ಲ ನನಗೆ ಕನ್ನಡ ಮಾಡಿ ಹೇಳುತ್ತಿದ್ದವಳು ಅನ್ನಪೂರ್ಣಾ. ಎಪ್ಪತ್ತು ದಾಟಿದವರು, ಬೆಳಗಾಗುವುದರೊಳಗೆ ಅಂಗಳ ಗುಡಿಸುತ್ತಾರೆ. ರಂಗೋಲಿ ಒಂದು ಬಾಕಿ. ನಾನು ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಅವರು ಯಾರೋ ಸತ್ತ ಸುದ್ದಿ ಕೇಳಿದವರಂತೆ ನನ್ನ ಕೈ ಹಿಡಿದುಕೊಂಡರು. ಆಮೇಲೆ ಒಂದು ಬೋಗುಣಿಯಲ್ಲಿ ತಣ್ಣಗಿನ, ಸಿಹಿಯಾದ, ಗುಲಾಬಿ ಬಣ್ಣದ ಚೆರ್ರಿ ಸಾರು ತಂದಿಟ್ಟರು. ಇದು ಊಟದ ಕೊನೆಯ ಪಾಯಸವಲ್ಲ, ಮೊದಲ ಸಾರೇ ಅಂತೆ. ನಾನು ಖಡಕ್ ರೊಟ್ಟಿ ಮುರಿದು ಅದರಲ್ಲಿ ಅದ್ದಿಕೊಂಡು ಉಂಡೆ. ಮಾರಿಕಾ ತಾವೂ ಒಂದು ತುಂಡು ರೊಟ್ಟಿ ಕಡಿದು, ಹಲ್ಲು ಮುಟ್ಟಿ ನೋಡಿಕೊಂಡು, ಇದನ್ನು ಮನೆ ಕಟ್ಟಲು ಬಳಸುತ್ತೀರಾ ಎಂದು ಕೇಳಿದರು.

ಅವರ ಮನೆ ಮುಂದಿನ ವಿದ್ಯುತ್ ಕಂಬದ ತುದಿಯಲ್ಲಿ ಕೊಕ್ಕರೆಗಳ ಜೋಡಿಯೊಂದು ಗೂಡು ಕಟ್ಟಿತ್ತು. ತಂತಿ ತಾಗಿ ಸಾಯಬಾರದೆಂದು ವಿದ್ಯುತ್ತಿನವರೇ ಕಂಬದ ಮೇಲೆ ಕಬ್ಬಿಣದ ಬುಟ್ಟಿ ಕೂರಿಸಿಕೊಟ್ಟಿದ್ದಾರೆ. ನಮ್ಮಲ್ಲಿ ಕಂಬದ ಮೇಲೆ ಕಾಗೆ ಸತ್ತರೆ ಲೈನ್‌ಮನ್‌ಗೆ ಫೋನು ಮಾಡುವುದು ಕರೆಂಟು ಹೋಯಿತೆಂದು. ಊರಾಚೆ ಆ ದೊಡ್ಡ ಹಕ್ಕಿಗಳು ಇಳಿಯುವ ಬಯಲಿನಲ್ಲಿ ಒಂದೂ ಕಂಬ ಇರಲಿಲ್ಲ. ತಂತಿಯನ್ನೆಲ್ಲ ನೆಲದೊಳಗೆ ಹೂತಿದ್ದಾರಂತೆ. ಅವು ಭಾರದ ಹಕ್ಕಿಗಳು, ಹಾರುವಾಗ ಎದುರಿನ ತಂತಿ ಕಾಣಿಸಿದರೂ ಹೊರಳಿಕೊಳ್ಳಲು ಆಗುವುದಿಲ್ಲ.

ಅಲ್ಲಿಯ ವನಪಾಲಕ ಇಷ್ಟ್ವಾನ್, ಐವತ್ತರ ಆಸುಪಾಸಿನ ಸಿಡುಕ. ನನಗೆ ಕೂಡಲೇ ಹಿಡಿಸಿದ. ಅವನು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಲ್ಲಿಯ ಕಾಯ್ದೆಯಲ್ಲಿ ಕಾಪಾಡಬೇಕಾದ ಪ್ರತಿಯೊಂದು ಜೀವಿಯ ಮುಂದೆಯೂ ಹಣದಲ್ಲಿ ಇಷ್ಟು ಎಂದು ಒಂದು ಮೌಲ್ಯ ಬರೆದಿರುತ್ತಾರೆ, ಕಪ್ಪೆಗೂ, ಚಿಟ್ಟೆಗೂ. ಶಾಲೆಯ ಮಕ್ಕಳಿಗೂ ಅದು ಗೊತ್ತು. "ಕಾಯ್ದೆ ಎಂದರೆ ಇಲ್ಲಿ ಒಂದು ಫೋನು ನಂಬರು, ಅಷ್ಟೆ" ಎಂದ. ರೈತ ಮೇವು ಕೊಯ್ಯುವಾಗ ಹಕ್ಕಿ ಎದ್ದರೆ ಯಂತ್ರ ನಿಲ್ಲಿಸಿ ಇವನಿಗೆ ಫೋನು ಮಾಡಬೇಕು. ಮೊಟ್ಟೆಯ ಸುತ್ತ ಒಂದಿಷ್ಟು ಜಾಗ ಕೊಯ್ಯದೆ ಬಿಡಬೇಕು. ಮಾರಿಕಾ ತಲೆಯಾಡಿಸಿ, ನನ್ನ ಗಂಡ ಬೈದುಕೊಳ್ಳುತ್ತಲೇ ಫೋನು ಮಾಡುತ್ತಿದ್ದ ಎಂದರು.

ನಾನು ಪ್ರತಿ ವರ್ಷ ನವೆಂಬರಿನಲ್ಲಿ ಒಂಬತ್ತನೇ ತರಗತಿಗೆ ಈ ಪಾಠ ಮಾಡುತ್ತಿದ್ದೆ. ಬರ್ಕೊಳ್ಳಿ ಮಕ್ಕಳೇ, ವನ್ಯಜೀವಿ ಸಂರಕ್ಷಣಾ ಕಾಯ್ದೆ, ಸಾವಿರದ ಒಂಬೈನೂರ ಎಪ್ಪತ್ತೆರಡು, ಎರಡು ಅಂಕದ ಪ್ರಶ್ನೆ, ಇಸವಿ ತಪ್ಪಿದರೆ ಒಂದು ಅಂಕ ಹೋಗುತ್ತದೆ. ನನ್ನ ಬೆನ್ನ ಹಿಂದೆ ಕಪಾಟಿನ ಗಾಜಿನೊಳಗೆ ಆ ಮೊಟ್ಟೆ ಇರುತ್ತಿತ್ತು. ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಕಾಡುಹಕ್ಕಿಯ ಮೊಟ್ಟೆ ತೆಗೆಯುವುದೂ ಬೇಟೆಯೇ ಎಂದು ಬರೆದಿದೆ. ಪಠ್ಯದಲ್ಲಿ ಅದು ಇರಲಿಲ್ಲ. ನನಗೆ ಗೊತ್ತಾದ ಮೇಲೂ ನಾನು ಹೇಳಿಕೊಡಲಿಲ್ಲ.

ಕುದುರೆ ಮಸಾಲೆಯ ಹೊಲ

ಮೂರನೇ ದಿನ ಬೆಳಿಗ್ಗೆ ಇಷ್ಟ್ವಾನ್ ಜೀಪು ತಂದ. ಹಿಂದಿನ ಸಂಜೆ ಒಬ್ಬ ರೈತ ಮೇವಿನ ಹೊಲದಲ್ಲಿ ಯಂತ್ರ ಓಡಿಸುವಾಗ ಹಕ್ಕಿಯೊಂದು ಎದ್ದು ಹೋಗಿತ್ತು. ನಾವು ಕುದುರೆ ಮಸಾಲೆ ಎನ್ನುತ್ತೇವಲ್ಲ, ಅದೇ ಮೇವು, ಮೊಣಕಾಲುದ್ದ ಬೆಳೆದಿತ್ತು. ಇಡೀ ಹೊಲ ಕೊಯ್ದು ಬೋಳಾಗಿತ್ತು. ನಡುವೆ ಒಂದು ಚೌಕ ಮಾತ್ರ ಹಸಿರಾಗಿ ನಿಂತಿತ್ತು. ರೈತ ಬದುವಿನ ಮೇಲೆ ಕೂತು ಸಿಗರೇಟು ಸೇದುತ್ತ, ಮಳೆ ಬಂದರೆ ನನ್ನ ಮೇವು ಹಾಳಾಗುತ್ತದೆ ಎಂದು ಗೊಣಗುತ್ತಿದ್ದ. ಆದರೆ ಆ ಚೌಕದೊಳಗೆ ಕಾಲಿಟ್ಟಿರಲಿಲ್ಲ.

ತಾಯಿ ಹಕ್ಕಿ ತಿರುಗಿ ಬಂದಿರಲಿಲ್ಲ. ಇಷ್ಟ್ವಾನ್ ದೂರದಿಂದ ದುರ್ಬೀನು ಹಿಡಿದು ಎರಡು ತಾಸು ಕಾದ. ಕೊನೆಗೆ ಏನೋ ಬೈಗುಳ ಹೇಳಿ ಎದ್ದ. ಇಂಥ ಮೊಟ್ಟೆಗಳನ್ನು ತಂದು ಯಂತ್ರದ ಕಾವಿಗೆ ಇಡುತ್ತಾರೆ. ಮರಿಯಾದರೂ ನರಿ, ಕಾಗೆ, ಚಳಿ ದಾಟಿ ದೊಡ್ಡದಾಗುವುದು ಕೆಲವು ಮಾತ್ರ. "ಅಷ್ಟಾದ್ರೂ ಮಾಡ್ತಾರಲ್ಲ ಅತ್ತಿ" ಎಂದಳು ಅನ್ನಪೂರ್ಣಾ. ಅವನು ಹುಲ್ಲು ಸರಿಸಿ ಎರಡು ಮೊಟ್ಟೆ ಎತ್ತಿದ. ಪೆಟ್ಟಿಗೆ ಬಿಚ್ಚಲು ಕೈ ಬೇಕಾಗಿ, ಒಂದನ್ನು ಹಿಂದೆ ನೋಡದೆ ನನ್ನ ಬೊಗಸೆಗೆ ಇಟ್ಟುಬಿಟ್ಟ.

ಹಸಿರು ಬೆರೆತ ಕಂದು, ಮೇಲೆ ಮಾಸಿದ ಕಪ್ಪು ಮಚ್ಚೆಗಳು. ಅದೇ ಬಣ್ಣ, ಹೆಚ್ಚುಕಡಿಮೆ ಅದೇ ಗಾತ್ರ. ಆದರೆ ಭಾರ ಇತ್ತು. ಯಾವುದೋ ತಿರುಳು ಒಳಗೆ ತೂಗುತ್ತಿತ್ತು. ಬಿಸಿಲಿಗೋ ಇನ್ನೂ ಉಳಿದ ಜೀವಕ್ಕೋ ಬೆಚ್ಚಗಿತ್ತು. ನಾನು ಬೊಗಸೆಯನ್ನು ಎದೆಯ ಹತ್ತಿರಕ್ಕೆ ತಂದುಕೊಂಡೆ. ಇಷ್ಟ್ವಾನ್ ತಿರುಗಿ ನೋಡಿ, ಗದರಿಸದೆ, ತನ್ನ ಕೈಯನ್ನು ನನ್ನ ಬೊಗಸೆಯ ಕೆಳಗೆ ಹಿಡಿದ. ನಿಮ್ಮಲ್ಲಿ ಇವು ಎಷ್ಟಿವೆ ಎಂದು ಕೇಳಿದ. ಅನ್ನಪೂರ್ಣಾ ನನ್ನ ಮುಖವನ್ನೇ ನೋಡುತ್ತ, "ನಮ್ಮ ಕಡೆ ಇಲ್ಲ" ಎಂದಳು.

ಈಗ ಆ ಕತೆ ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ. ಸರ್ಕಾರ ಲ್ಯಾಬಿಗೆ ಕಪಾಟು ಕೊಟ್ಟಿತ್ತು, ಒಳಗಿಡಲು ಏನೂ ಕೊಟ್ಟಿರಲಿಲ್ಲ. ಸುತ್ತಮುತ್ತ ಸಿಗುವ ಮಾದರಿಗಳನ್ನು ಮಕ್ಕಳಿಂದಲೇ ಸಂಗ್ರಹಿಸಿ ಎಂದು ಸುತ್ತೋಲೆ ಬಂದಿತ್ತು. ನಾನು ತರಗತಿಯಲ್ಲಿ ಹೇಳಿದೆ. ಕಲ್ಲು ತಂದರು, ಹಾವಿನ ಪೊರೆ ತಂದರು. ಒಂದು ದಿನ ಫಕೀರವ್ವ ಎಂಬ ಎಂಟನೇ ತರಗತಿಯ ಹುಡುಗಿ ಲಂಗದ ಮಡಿಲಲ್ಲಿ ಈ ಮೊಟ್ಟೆ ಇಟ್ಟುಕೊಂಡು ಬಂದಳು. ಆಡು ಕಾಯಲು ಗಾಯರಾಣಕ್ಕೆ ಹೋದಾಗ ಸಿಕ್ಕಿತ್ತು. ನಾನು ಎಷ್ಟು ಖುಷಿಪಟ್ಟೆನೆಂದರೆ, ಮರುದಿನ ಪ್ರಾರ್ಥನೆಯ ಹೊತ್ತಿಗೆ ಅವಳನ್ನು ಮುಂದೆ ನಿಲ್ಲಿಸಿ, ಹೆಸರು ಕೂಗಿ, ಇಡೀ ಶಾಲೆಯಿಂದ ಚಪ್ಪಾಳೆ ಹೊಡೆಸಿದೆ. ಒಂದು ಪೆನ್ನು ಕೊಟ್ಟೆ.

ಅದರ ಹಿಂದಿನ ಸಂಜೆಯೇ ಸೂಜಿಯಿಂದ ಎರಡೂ ತುದಿಗೆ ತೂತು ಮಾಡಿ, ಒಂದು ಕಡೆ ಬಾಯಿಟ್ಟು ಊದಿದ್ದೆ. ಮೊಟ್ಟೆಯನ್ನು ಹಾಗೆ ಕಾಯ್ದಿಡಬೇಕೆಂದು ಪುಸ್ತಕದಲ್ಲಿತ್ತು. ಬರಿ ಲೋಳೆ ಬರಲಿಲ್ಲ, ಕೆಂಪು ಎಳೆಗಳೂ ಬಂದವು. ನೀರು ಬಿಟ್ಟು ತೊಳೆದೆ.

ಚಪ್ಪಾಳೆಯ ಸದ್ದು ಊರಿಗೆಲ್ಲ ಕೇಳಿಸಿತು. ಆಮೇಲಿನ ಒಂದು ತಿಂಗಳು ಮಕ್ಕಳು ಗೂಡುಗಳನ್ನು ಕಿತ್ತು ತಂದರು, ಕಂಡ ಕಂಡ ಹಕ್ಕಿಯ ಮೊಟ್ಟೆ ತಂದರು. ನಾನು ಒಬ್ಬೊಬ್ಬರಿಗೂ ಶಾಬಾಸ್ ಎಂದೆ. ಎಂಥ ಮೂರ್ಖಿ ನಾನು! ಹತ್ತು ವರ್ಷದ ಮೇಲೆ ಒಂದು ಪುಸ್ತಕದಲ್ಲಿ ಎರೆಭೂತದ ಮೊಟ್ಟೆಯ ಚಿತ್ರ ನೋಡಿದೆ, ನನ್ನ ಕಪಾಟಿನಲ್ಲಿದ್ದದ್ದು ಅದೇ. ಅವತ್ತೇ ದೊಡ್ಡ ಹಕ್ಕಿಯ ಮೊಟ್ಟೆ ಎಂದು ಮುಂದೆ ಅಂಟಿಸಿದ್ದ ಚೀಟಿಯನ್ನು ಕಿತ್ತು, ಮೊಟ್ಟೆಯನ್ನು ಹಿಂದಕ್ಕೆ ಸರಿಸಿ, ಮುಂದೆ ಅಸ್ಥಿಪಂಜರದ ತಲೆಬುರುಡೆ ಇಟ್ಟೆ. ಎಸೆಯಲು ಬರುವಂತಿರಲಿಲ್ಲ. ಬೆಂಚು, ಕಪಾಟು, ತಕ್ಕಡಿಯ ಹಾಗೆ ಅದನ್ನೂ ನಾನು ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಏರಿಸಿದ್ದೆ. ಏರಿಸಿದ ವಸ್ತುವನ್ನು ಕಾರಣ ಬರೆಯದೆ ಇಳಿಸುವಂತಿಲ್ಲ. ಪ್ರತಿ ಮಾರ್ಚಿನಲ್ಲಿ ಒಂದೊಂದನ್ನೇ ನೋಡಿ ಸ್ಥಿತಿ ಬರೆಯಬೇಕು. ನಾನು ಬರೆಯುತ್ತ ಬಂದೆ: ದೊಡ್ಡ ಹಕ್ಕಿಯ ಮೊಟ್ಟೆ, ಒಂದು. ಸ್ಥಿತಿ: ಉತ್ತಮ.

ನಿಲ್ದಾಣ, ಕೊನೆಯ ದಿನ

ಹೊರಡುವ ದಿನ ರೈಲು ತಡವಾಗಿತ್ತು. ಈ ದೇಶದಲ್ಲೂ ರೈಲು ತಡವಾಗುತ್ತದೆ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. ಮಾರಿಕಾ ಬೀಳ್ಕೊಡಲು ಬಂದು, ನನ್ನ ಕೈಗೆ ಒಂದು ಬಾಟಲಿ ಚೆರ್ರಿ ಮುರಬ್ಬ ಇಟ್ಟು, ಕೆನ್ನೆಗೆ ಕೆನ್ನೆ ತಾಗಿಸಿ ಹೋದರು. ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೇ. ನಾಲ್ಕು ದಿನದಿಂದ ಗಂಟಲಿನಲ್ಲಿದ್ದದ್ದು ಈಗ ಬರದಿದ್ದರೆ ಮುಂದೆ ಬರುವುದಿಲ್ಲ ಅನ್ನಿಸಿತು.

"ಅನ್ನಪೂರ್ಣಾ, ನಮ್ಮ ಲ್ಯಾಬಿನ ಕಪಾಟಿನ್ಯಾಗ ಒಂದು ಮೊಟ್ಟಿ ಇತ್ತು. ನೆನಪೈತೇನ ನಿನಗ?"

"ಐತಿ."

"ಅದು..."

"ಗೊತ್ತೈತಿ ಅತ್ತಿ."

ನಾನು ಅವಳನ್ನೇ ನೋಡಿದೆ. ಅವಳು ಹಳಿಯ ಕಡೆ ನೋಡುತ್ತಿದ್ದಳು.

"ಇಲ್ಲಿಗೆ ಬಂದ ಮೊದಲನೇ ವರ್ಷಾನ ಗೊತ್ತಾತು. ಇಷ್ಟ್ವಾನ್ ಒಂದು ಮೊಟ್ಟಿ ತೋರಿಸಿದ. ಇದನ್ನ ಎಲ್ಲೋ ನೋಡೇನಲ್ಲ ಅನಿಸ್ತು. ಮಾರ್ಚಿನ್ಯಾಗ ಬುರುಡಿ ಸರಿಸಿ ಕಪಾಟು ಒರಸುವಾಗ ನೋಡಿದ್ದು ನೆನಪಾತು. ರೂಮಿಗೆ ಹೋಗಿ ನಮ್ಮ ಎರಿಭೂತದ್ದು ಫೋಟೋ ಹುಡುಕಿದೆ. ಅವತ್ತ ನನಗ ಊಟ ಹೋಗಲಿಲ್ಲ."

"ಫೋನಿನ್ಯಾಗ ಯಾಕ ಕೇಳಲಿಲ್ಲ ಮತ್ತ?"

"ಕೇಳಿದ್ರ ಏನಂತಿದ್ದಿ? ಯಾವ ಮೊಟ್ಟಿ, ನನಗೇನು ಗೊತ್ತಿಲ್ಲವಾ ಅಂತಿದ್ದಿ."

ಅಂತಿದ್ದೆ. ಖಂಡಿತ ಅಂತಿದ್ದೆ.

"ಅದಕ್ಕ ಕರಿಸಿದೇನ ನನ್ನ?"

"ಅದಕ್ಕೂ ಕರಿಸಿದೆ" ಎಂದಳು. ನನ್ನ ಚೀಲವನ್ನು ತನ್ನ ಕಡೆ ಎಳೆದುಕೊಂಡು, "ನಿನ್ನ ನೋಡಬೇಕು ಅಂತನೂ ಅನಿಸಿತ್ತು" ಎಂದಳು. ನನಗೆ ಮುಖಕ್ಕೆ ಹೊಡೆದಂತಾಯಿತು. ಚೆರ್ರಿ ಸಾರು, ಕೊಕ್ಕರೆ ಗೂಡು, ಆ ಹೊಲ, ಎಲ್ಲದರ ಪಕ್ಕದಲ್ಲೂ ಈ ಹುಡುಗಿ ನಿಂತು ನಾನು ಯಾವಾಗ ಬಾಯಿ ಬಿಡುತ್ತೇನೆ ಎಂದು ಕಾದಿದ್ದಳು. ಅವಳ ಮೇಲೆ ಸಿಟ್ಟು ಬಂತು. ಆ ಸಿಟ್ಟಿಗೆ ನಾಚಿಕೆಯೂ ಬಂತು.

"ರಜಿಸ್ಟರದಾಗ ತಾರೀಖು ಐತೇನ?"

"ಐತಿ. ಜಾಗಾ ಬರದಿಲ್ಲ. ನಾನ ಕೇಳಲಿಲ್ಲ ಆಕಿನ್ನ. ಎಂಥಾ ಸಾಯನ್ಸ್ ಟೀಚರು ನೋಡು. ತಂದಾಕಿ ಹೆಸರು ಮಾತ್ರ ಬರದೇನಿ."

"ಅಂದ್ರ ಆಕಿನ್ನ ಕೇಳಬೇಕು. ಆಕಿ ಹೇಳಿಕಿನೂ ಬೇಕು."

"ಕೇಸ್ ಆಗತೈತೇನ ಅನ್ನಪೂರ್ಣಾ? ನಂದಿರಲಿ. ಆಕಿ ಮ್ಯಾಲೆ?"

"ಅವಾಗ ಆಕಿ ಸಣ್ಣಾಕಿ, ಆಕಿಗೇನೂ ಆಗಂಗಿಲ್ಲ ಅನಿಸ್ತೈತಿ. ನಿನಗ..." ಅವಳು ನನ್ನ ಕಡೆ ತಿರುಗಿದಳು. "ನನಗ ಗೊತ್ತಿಲ್ಲ ಅತ್ತಿ. ಆಗಂಗಿಲ್ಲ ಅಂತ ಸುಳ್ಳ ಹೆಂಗ ಹೇಳಲಿ? ಬ್ಯಾಡ ಅಂದ್ರ ಬ್ಯಾಡ. ನಾ ಮತ್ತ ಕೇಳಂಗಿಲ್ಲ."

ರೈಲು ಬಂತು. ಬುಡಾಪೆಸ್ಟಿನವರೆಗೆ ನಾನು ಮುರಬ್ಬದ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಆ ಬಯಲನ್ನೇ ನೋಡುತ್ತ ಕೂತೆ. ವಿಮಾನ ನಿಲ್ದಾಣದಲ್ಲಿ ಅವಳು ಮತ್ತೆ ಕಾಲಿಗೆ ಬಗ್ಗಿದಾಗ, "ನಾ ಹೋಗಿ ಬರೀತೀನಿ" ಎಂದೆ. ಅವಳು ಎದ್ದವಳೇ ನನ್ನ ಕೊರಳಿಗೆ ಬಿದ್ದು ಅತ್ತಳು. ನಾನೂ ಅತ್ತೆ. ಸುತ್ತಲಿನವರು ನಮಗೆ ದಾರಿ ಬಿಟ್ಟು ಬದಿಯಿಂದ ಹೋದರು.

ಮರಳಿ, ಮುಂಡರಗಿ ದಾರಿ

ಬೆಟಗೇರಿಗೆ ಬಂದ ಮೂರನೇ ದಿನ ಹಳೆಯ ಬಸ್ಸನ್ನೇ ಹತ್ತಿದೆ. ಗದಗ ದಾಟಿದ ಮೇಲೆ ದಾರಿಯ ಎರಡೂ ಕಡೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಊರವರು ಅವನ್ನು ಫ್ಯಾನು ಎನ್ನುತ್ತಾರೆ. ಮೊದಲೆಲ್ಲ ನನಗೂ ಚೆಂದ ಕಾಣುತ್ತಿದ್ದವು. ಈ ಸಲ ಫ್ಯಾನಿನಿಂದ ಫ್ಯಾನಿಗೆ ಹೋದ ತಂತಿಗಳೇ ಕಣ್ಣಿಗೆ ಬಿದ್ದವು, ಮುಂಡರಗಿ ಕಡೆಯ ಆಕಾಶದ ತುಂಬ.

ಈಗಿನ ಹೆಡ್‌ಮಾಸ್ತರು ನನ್ನ ಜೊತೆ ಕೆಲಸ ಮಾಡಿದವರು. ಕಾರಣ ಹೇಳಿದಾಗ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಮೇಡಂ, ಸುಮ್ಮನ ಇದ್ದದ್ದನ್ನ ಯಾಕ ಕೆದರ್ತೀರಿ, ಪೆನ್ಶನ್ ತಗೊಂಡು ಆರಾಮ ಇರೂದು ಬಿಟ್ಟು" ಎಂದರು. ಆದರೂ ಬೀಗದ ಕೈ ಕೊಟ್ಟರು. ತಲೆಬುರುಡೆ ಸರಿಸಿದೆ. ಮೊಟ್ಟೆ ಅಲ್ಲೇ ಇತ್ತು, ಧೂಳು ಕೂತು. ರಜಿಸ್ಟರಿನಲ್ಲಿ ನನ್ನ ನಂತರದ ಟೀಚರು ಕೂಡ ವರ್ಷವರ್ಷವೂ ನನ್ನ ಹಾಗೆಯೇ ಬರೆದಿದ್ದಳು. ಸ್ಥಿತಿ: ಉತ್ತಮ. ತಂದವರು: ಕು. ಫಕೀರವ್ವ, ಎಂಟನೇ ತರಗತಿ. ಅಕ್ಷರ ನನ್ನವೇ, ದುಂಡಗೆ.

ಫಕೀರವ್ವನನ್ನು ಹುಡುಕಲು ದೂರ ಹೋಗಬೇಕಿರಲಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು, ಮದುವೆಯಾಗಿ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ, ಹತ್ತು ವರ್ಷದಿಂದ ಅದೇ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಾಳೆ. ಅವತ್ತು ಮಕ್ಕಳಿಗೆ ಮೊಟ್ಟೆ ಕೊಡುವ ದಿನ. ಅಡಿಗೆಮನೆಯ ಕಟ್ಟೆಯ ಮೇಲೆ ಕೂತು, ಬೇಯಿಸಿದ ಮೊಟ್ಟೆಗಳ ಗುಡ್ಡೆ ಮುಂದಿಟ್ಟುಕೊಂಡು ಸಿಪ್ಪೆ ಸುಲಿಯುತ್ತಿದ್ದಳು.

"ಯವ್ವಾ, ಅಕ್ಕೋರ! ಯಾವಾಗ ಬಂದ್ರಿ? ಫಾರಿನ್ನಿಗೆ ಹೋಗಿದ್ರಂತಲ್ರಿ? ಕುಂಡ್ರಿ, ಕುಂಡ್ರಿ."

ನಾನು ಅವಳ ಪಕ್ಕದಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಜಾಗ ಎಲ್ಲಿ ಎಂದಾಗ ಗಲ್ಲ ಎತ್ತಿ ಹೊರಗೆ ತೋರಿಸಿದಳು.

"ಅಲ್ಲಿ ಎರಡು ಫ್ಯಾನ್ ಅದಾವಲ್ರಿ, ಅದರ ಬಲಕ. ಜಾಲಿ ಗಿಡ ಇತ್ತು. ಆ ಕಡೆ ಬಯಲು ಇನ್ನೂ ಹಂಗಽ ಐತಿ, ನಮ್ಮ ಆಡು ಈಗೂ ಅಲ್ಲೇ ಮೇಯ್ತಾವು."

"ನಿನ್ನ ಹೆಸರು ಬರೀಬೇಕಾಗತೈತಿ ಫಕೀರವ್ವ. ನಿನಗ ಬ್ಯಾಡ ಅನಿಸಿದ್ರ ಇಲ್ಲಿಗೇ ಬಿಡೂಣು. ನಾ ಯಾರಿಗೂ ಹೇಳಂಗಿಲ್ಲ."

"ಬರೀರಿ" ಎಂದಳು. "ಅವತ್ತ ಹೆಸರು ಕೂಗಿ ಚಪ್ಪಾಳಿ ಹೊಡಿಸಿದ್ರಲ್ಲ, ಊರಿಗೆಲ್ಲಾ ಅವತ್ತಽ ಗೊತ್ತಾಗೈತಿ. ಆದ್ರ ಬರಿಯೂದಾದ್ರ ಪೂರಾ ಬರೀರಿ."

"ಪೂರಾ ಅಂದ್ರ?"

ಅವಳು ಸುಲಿಯುವುದನ್ನು ನಿಲ್ಲಿಸಿದಳು. "ಚಪ್ಪಾಳಿ ಹೊಡಿಸಿದ ದಿನ ಮಧ್ಯಾಹ್ನ ನಾ ನಿಮ್ಮ ಹಂತ್ಯಾಕ ಬಂದಿದ್ದೆ. ಅಕ್ಕೋರ, ಅದರ ತಾಯಿ ಅಲ್ಲೇ ಸುತ್ತಾಕ ಹತ್ತೈತಿ, ಮೊಟ್ಟಿ ಕೊಡ್ರಿ, ಇಟ್ಟು ಬರ್ತೀನಿ, ಪೆನ್ನೂ ವಾಪಸ್ ತಗೋರಿ ಅಂದಿದ್ದೆ. ಅದನ್ನೂ ಬರೀರಿ."

ನೆನಪಿಲ್ಲ ಎನ್ನಬಹುದಿತ್ತು. ನೆನಪಿತ್ತು. ಅನ್ನಪೂರ್ಣಾಗೂ ಹೇಳಿರಲಿಲ್ಲ, ಇಷ್ಟು ಹೊತ್ತು ನಿಮಗೂ ಹೇಳಿರಲಿಲ್ಲ. ಅವಳು ಬಂದಾಗ ಆ ಚಿಪ್ಪು ಲ್ಯಾಬಿನ ಕಿಟಕಿಯಲ್ಲಿ ಒಣಗುತ್ತಿತ್ತು. ಒಳಗೆ ಏನೂ ಇಲ್ಲ ಎಂದು ಆ ಹುಡುಗಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ವಿಜ್ಞಾನಕ್ಕೆ ಬೇಕಾಗುತ್ತದೆ, ಹೋಗು, ಕ್ಲಾಸಿಗೆ ಕುಂಡ್ರು ಎಂದು ಗದರಿಸಿ ಕಳಿಸಿದ್ದೆ.

ಲ್ಯಾಬಿನ ಮೇಜಿನ ಮೇಲೆ ಕೂತು ಹೇಳಿಕೆ ಬರೆದೆ. ತಾರೀಖು, ಜಾಗ, ಸೂಜಿ, ಕೆಂಪು ಎಳೆ, ಪೆನ್ನು, ಎಲ್ಲ. ಪೂರಾ ಬರೆದೆ. ಮಕ್ಕಳ ಊಟ ಮುಗಿದ ಮೇಲೆ ಫಕೀರವ್ವ ಕೈ ಒರೆಸಿಕೊಳ್ಳುತ್ತ ಬಂದು, ಬೆರಳಿಟ್ಟು ಒಂದೊಂದೇ ಸಾಲು ಓದಿ, ನನ್ನ ಸಹಿಯ ಕೆಳಗೆ ತನ್ನ ಸಹಿ ಹಾಕಿದಳು. ಆಮೇಲೆ ಕಪಾಟಿನ ಹತ್ತಿರ ಹೋಗಿ ಮೊಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅವತ್ತಿನ ನಂತರ ಅವಳು ಅದನ್ನು ಮುಟ್ಟಿರಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಮೆಲ್ಲಗೆ ತೂಗಿ ನೋಡಿದಳು.

"ಎಷ್ಟ್ ಹಗುರ ಐತಲ್ರಿ ಅಕ್ಕೋರ" ಎಂದಳು. "ನಾ ತಂದಾಗ ಭಾರ ಇತ್ತು."